ಪ್ರೆಸ್ಸಿನ ಎಕ್ಸ್‌ಪಿ ಕಂಪ್ಯೂಟರಿಗೆ ಸಾಟಾ ಕಾರ್ಡು ಮತ್ತು ಅದರ ಡ್ರೈವರು: ಒಂಬತ್ತು ದಿನಗಳ ದಾಖಲೆ

ತೀರ್ಥಹಳ್ಳಿಯಲ್ಲಿ ನನ್ನ ಚಿಕ್ಕಪ್ಪ ನಡೆಸುವ ಸಣ್ಣ ಆಫ್‌ಸೆಟ್ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿಯುತ್ತಿರುವ ಒಂದು ಕಂಪ್ಯೂಟರ್ ಇದೆ. ಪೆಂಟಿಯಂ 4 ಪ್ರೊಸೆಸರ್, ಇಂಟೆಲ್ 845 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 512 ಎಂಬಿ ರ್‍ಯಾಮ್, 40 ಜಿಬಿಯ ಐಡಿಇ (ಅಗಲವಾದ ಪಟ್ಟಿ ಕೇಬಲ್ಲಿನಿಂದ ಜೋಡಿಸುವ ಹಳೆಯ ಬಗೆಯ) ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಗಣಪತಿ ಹಬ್ಬದ ರಸೀತಿ ಪುಸ್ತಕ, ಎಲ್ಲವೂ ಇದರಲ್ಲಿರುವ ಪೇಜ್‌ಮೇಕರ್ 7ರಲ್ಲಿಯೇ ಸಿದ್ಧವಾಗುತ್ತವೆ. ಅಲ್ಲಿ ಬಳಸುವ ಕನ್ನಡ ಅಕ್ಷರಗಳು ಯೂನಿಕೋಡ್‌ಗಿಂತ ಹಿಂದಿನವು. ಆ ಅಕ್ಷರಗಳ ತಂತ್ರಾಂಶವು ಪ್ಯಾರಲಲ್ ಪೋರ್ಟಿಗೆ ಡಾಂಗಲ್ (ಪರವಾನಗಿಯ ಕೀಲಿಯಂತಿರುವ ಸಣ್ಣ ಸಾಧನ) ಸಿಕ್ಕಿಸಿದ್ದರೆ ಮಾತ್ರ ತೆರೆದುಕೊಳ್ಳುತ್ತದೆ. ಇಂದಿನ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇರುವುದಿಲ್ಲ, ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ಲುಗಳು ಪ್ರಿಂಟರಿಗೆ ಆಗುತ್ತವೆಯೇ ಹೊರತು ಡಾಂಗಲ್ಲಿಗೆ ಆಗುವುದಿಲ್ಲ. ಆದ್ದರಿಂದ ‘ಹೊಸದು ತೆಗೆದುಕೊಳ್ಳಿ’ ಎಂಬ ಸಲಹೆ ಇಲ್ಲಿ ನಡೆಯುವಂಥದ್ದಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿರುವುದರಿಂದ ಈ ಯಂತ್ರಕ್ಕೆ ಇಂಟರ್ನೆಟ್ ಕೊಟ್ಟಿಲ್ಲ.

ಈ ತಲೆಮಾರಿನ ಮದರ್‌ಬೋರ್ಡಿನಲ್ಲಿ ಸಾಟಾ, ಅಂದರೆ ಐಡಿಇಯ ನಂತರ ಬಂದ ಬಗೆಯ ಡಿಸ್ಕುಗಳನ್ನು ಜೋಡಿಸುವ, ಕನೆಕ್ಟರ್ ಇಲ್ಲ. ಹೊಸ ಐಡಿಇ ಡಿಸ್ಕ್ ಅಂಗಡಿಯಲ್ಲಿ ಸಿಗುವುದಿಲ್ಲ, ಹಳೆಯದನ್ನು ತಂದರೆ ಅದಕ್ಕೂ ಇದರಷ್ಟೇ ವಯಸ್ಸಾಗಿರುತ್ತದೆ. ಹಾಗಾಗಿ ಪಿಸಿಐ ಸ್ಲಾಟಿಗೆ (ಹೆಚ್ಚುವರಿ ಕಾರ್ಡು ಸಿಕ್ಕಿಸುವ ಜಾಗ) ಒಂದು ಸಾಟಾ ಕಾರ್ಡು ಹಾಕಿ, ಅದಕ್ಕೆ ಸಾಟಾ ಡಿಸ್ಕ್ ಜೋಡಿಸಿ, ಈಗಿರುವ ಎಕ್ಸ್‌ಪಿಯನ್ನು ಇದ್ದ ಹಾಗೆಯೇ ಅಲ್ಲಿಗೆ ಸಾಗಿಸುವುದು ಕೆಲಸ. ಬರೆದರೆ ಒಂದು ವಾಕ್ಯವಾಗುವ ಇದಕ್ಕೆ 2024ರ ಜುಲೈ 6ರಿಂದ 14ರವರೆಗೆ, ಪುನರ್ವಸು ಮಳೆಯ ಹೆಚ್ಚುಕಡಿಮೆ ಮೊದಲರ್ಧ, ಹಿಡಿಯಿತು. ಹೆಚ್ಚಿನ ಹೊತ್ತು ಹೋದದ್ದು ನಾನು ಹೆಜ್ಜೆಗಳನ್ನು ಹಿಂದುಮುಂದಾಗಿ ಇಟ್ಟದ್ದರಿಂದ. ಇಂಥದೇ ಯಂತ್ರವನ್ನು ಉಳಿಸಿಕೊಳ್ಳಲು ಹೊರಟವರಿಗೆ ಉಪಯೋಗವಾಗಬಹುದೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಜುಲೈ 6: ರೋಗ ಯಾವುದೆಂದು ನೋಡಿದ್ದು

ಕಂಪ್ಯೂಟರ್ ತೆರೆದುಕೊಳ್ಳಲು ಹನ್ನೊಂದು ನಿಮಿಷ ಹಿಡಿಯುತ್ತಿತ್ತು. ಒಂದು ಪುಟ ಉಳಿಸಲು ಒತ್ತಿದರೆ ಮರಳುಗಡಿಯಾರದ ಚಿತ್ರ ಅರ್ಧ ನಿಮಿಷ ನಿಂತುಬಿಡುತ್ತಿತ್ತು. ಡಿವೈಸ್ ಮ್ಯಾನೇಜರಿನಲ್ಲಿ ಪ್ರೈಮರಿ ಐಡಿಇ ಚಾನೆಲ್ಲಿನ ಗುಣಲಕ್ಷಣ ತೆರೆದಾಗ, ಅಲ್ಟ್ರಾ ಡಿಎಂಎ (ವೇಗದ ಸಾಗಾಟ) ಎಂದು ಇರಬೇಕಾದಲ್ಲಿ ಪಿಐಒ (ನಿಧಾನದ ಸಾಗಾಟ) ಎಂದು ತೋರಿಸಿತು. ಡಿಸ್ಕಿನೊಡನೆ ಮಾತಾಡುವಾಗ ಮತ್ತೆ ಮತ್ತೆ ತಪ್ಪಾದರೆ ಎಕ್ಸ್‌ಪಿ ವೇಗವನ್ನು ಹಂತಹಂತವಾಗಿ ಇಳಿಸುತ್ತ ಕೊನೆಗೆ ಪಿಐಒಗೆ ಬಂದು ನಿಲ್ಲುತ್ತದೆ, ತಾನಾಗಿ ಮೇಲೇರುವುದಿಲ್ಲ. ಆ ಚಾನೆಲ್ಲನ್ನು ಅಲ್ಲಿಯೇ ಅಳಿಸಿ ಕಂಪ್ಯೂಟರನ್ನು ಮತ್ತೆ ತೆರೆದರೆ ಡಿಎಂಎ ಮರಳಿತು, ಆದರೆ ಸಂಜೆಯೊಳಗೆ ಮತ್ತೆ ಪಿಐಒ. ಈವೆಂಟ್ ವ್ಯೂವರಿನಲ್ಲಿ ಎರಡು ಬಗೆಯ ದೂರುಗಳಿದ್ದವು: ‘ಡಿಸ್ಕ್’ ಎಂಬ ಮೂಲದಿಂದ ಸಂಖ್ಯೆ 7, ಅಂದರೆ ಕೆಟ್ಟ ಬ್ಲಾಕ್, ‘ಎಟಾಪಿ’ ಎಂಬ ಮೂಲದಿಂದ ಸಂಖ್ಯೆ 11, ಅಂದರೆ ಕಂಟ್ರೋಲರಿನ ದೋಷ. ಡಿಸ್ಕಿಗೆ ಒಂದು ರೋಗ, ದಾರಿಗೆ ಇನ್ನೊಂದು.

ಪೆಟ್ಟಿಗೆ ಬಿಚ್ಚಿ ಟಾರ್ಚ್ ಬಿಟ್ಟಾಗ ದಾರಿಯ ರೋಗ ಕಣ್ಣಿಗೇ ಕಂಡಿತು. ಪ್ರೈಮರಿ ಐಡಿಇ ಕನೆಕ್ಟರಿನ ಒಂದು ತುದಿಯ ಪಿನ್ನುಗಳಿಗೆ ಹಸಿರು ಕಿಲುಬು ಕಟ್ಟಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಪ್ರೆಸ್ಸಿನ ಆ ಮೂಲೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ತಾಗುವುದಿಲ್ಲ. ಡಿಸ್ಕನ್ನು ಸೆಕೆಂಡರಿ ಕನೆಕ್ಟರಿಗೆ ಮಾಸ್ಟರ್ ಆಗಿಯೂ ಸಿಡಿ ಡ್ರೈವನ್ನು ಅದೇ ಎಂಬತ್ತು ತಂತಿಗಳ ಕೇಬಲ್ಲಿಗೆ ಸ್ಲೇವ್ ಆಗಿಯೂ ಬದಲಾಯಿಸಿದೆ. ಸಂಖ್ಯೆ 11ರ ದೂರು ನಿಂತುಹೋಯಿತು, ಸಂಖ್ಯೆ 7ರದು ಉಳಿಯಿತು.

ಮೊದಲ ತಪ್ಪನ್ನು ಮಾಡಿದ್ದು ಇಲ್ಲಿ. ಕೆಟ್ಟ ಬ್ಲಾಕ್ ಎಂದು ಕಂಡ ಕೂಡಲೇ, ನಕಲು ತೆಗೆಯದೆ, ರಾತ್ರಿ, ಡಿಸ್ಕಿನ ದೋಷ ಹುಡುಕುವ ವಿಂಡೋಸಿನ ಚೆಕ್‌ಡಿಸ್ಕನ್ನು ದುರಸ್ತಿಯ ಆಯ್ಕೆಯೊಡನೆ ಓಡಿಸಿದೆ. ಐದು ಗಂಟೆ ಓಡಿತು. ಸಾಯುತ್ತಿರುವ ಡಿಸ್ಕಿನ ಮೇಲೆಯೇ ಅದು ಬರೆಯುತ್ತದೆ ಎಂಬುದು ನನಗೆ ಗೊತ್ತಿರದ ಸಂಗತಿಯಲ್ಲ. ಬೆಳಿಗ್ಗೆ ನೋಡಿದರೆ ಕಳೆದ ವರ್ಷದ ಎರಡು ಪೇಜ್‌ಮೇಕರ್ ಫೈಲುಗಳು ತಮ್ಮ ಜಾಗದಲ್ಲಿರಲಿಲ್ಲ, ಅವುಗಳ ಚೂರುಗಳು ಹೆಸರಿಲ್ಲದೆ ಬೇರೊಂದು ಫೋಲ್ಡರಿನಲ್ಲಿ ಬಿದ್ದಿದ್ದವು. ಅವು ಮತ್ತೆ ಕೂಡಿಬರಲಿಲ್ಲ. ಒಂದು ಮನೆಯ ಗೃಹಪ್ರವೇಶದ ಕರೆಯೋಲೆ, ಇನ್ನೊಂದು ಭಜನಾ ಮಂಡಳಿಯ ಲೆಕ್ಕಪತ್ರ. ಎರಡರ ಅಚ್ಚಾದ ಪ್ರತಿಯೂ ಪ್ರೆಸ್ಸಿನಲ್ಲಿ ಇದ್ದುದರಿಂದ ಚಿಕ್ಕಪ್ಪ ಏನೂ ಅನ್ನಲಿಲ್ಲ.

ಜುಲೈ 8: ಶಿವಮೊಗ್ಗದಿಂದ ತಂದದ್ದು

ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋದೆ. ತುಂಗೆ ಮಂಡಗದ್ದೆಯಲ್ಲಿ ಕೆಂಪಗೆ ದಡ ತುಂಬಿ ಹರಿಯುತ್ತಿದ್ದಳು. ಮೂರು ಅಂಗಡಿಗಳಲ್ಲಿ ಪಿಸಿಐ ಕಾರ್ಡ್ ಎಂದರೆ ಏನೆಂದೇ ಕೇಳಿದರು. ನಾಲ್ಕನೆಯ ಅಂಗಡಿಯವರು ಅಟ್ಟದಿಂದ ಪೆಟ್ಟಿಗೆ ಇಳಿಸಿ, “ಕೊನೇ ಎರಡು ಇದೆ ಸಾರ್, ಬೇಕಾದ್ರೆ ಎರಡೂ ತಗೊಂಡು ಹೋಗಿ” ಎಂದರು. ನಾನು ಒಂದನ್ನೇ ತಂದೆ. ಎರಡನ್ನೂ ತರಬೇಕಿತ್ತು ಎಂದು ಈಗ ಅನಿಸುತ್ತಿದೆ.

ಕಾರ್ಡಿನ ಚಿಪ್ಪು ವಯಾ ಸಂಸ್ಥೆಯ ವಿಟಿ6421ಎ. ಎರಡು ಸಾಟಾ ಕನೆಕ್ಟರು, ಒಂದು ಐಡಿಇ ಕನೆಕ್ಟರು, ತನ್ನದೇ ಬಯಾಸ್ (ವಿಂಡೋಸಿಗಿಂತ ಮೊದಲು ಓಡಿ ಡಿಸ್ಕುಗಳನ್ನು ಗುರುತಿಸುವ ತಂತ್ರಾಂಶ). ಖರ್ಚು: ಕಾರ್ಡು 650 ರೂಪಾಯಿ, ಸಾಟಾ ಕೇಬಲ್ 60, ಹಳೆಯ ನಾಲ್ಕು ಪಿನ್ನಿನ ಪವರ್ ಕೇಬಲ್ಲನ್ನು ಸಾಟಾಕ್ಕೆ ಹೊಂದಿಸುವ ತುಂಡು 50, ಖಾಲಿ ಸಿಡಿಗಳು 40, ಪಿನ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಬ್ರಷ್ 120, ಮದರ್‌ಬೋರ್ಡಿನ ಸಿಆರ್2032 ಸೆಲ್ 30. ಇವುಗಳ ಜೊತೆಗೆ 120 ಜಿಬಿಯ ಎಸ್‌ಎಸ್‌ಡಿ, 1250 ರೂಪಾಯಿ. ಈ ಕೊನೆಯದು ಎರಡನೆಯ ತಪ್ಪು. ಅದರ ಫಲ ಮಾರನೆಯ ದಿನ ಸಿಕ್ಕಿತು.

ಜುಲೈ 9: ಎಫ್6 ಮತ್ತು ಬೂಷ್ಟು ಹಿಡಿದ ಫ್ಲಾಪಿಗಳು

ಹೇಗೂ ಡಿಸ್ಕ್ ಹೊಸದಾಗಿರುವಾಗ ಎಕ್ಸ್‌ಪಿಯನ್ನೂ ಹೊಸದಾಗಿಯೇ ಹಾಕೋಣ ಎಂದುಕೊಂಡೆ. ಹಳೆಯ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಟ್ಟು, ಕಾರ್ಡಿಗೆ ಎಸ್‌ಎಸ್‌ಡಿ ಜೋಡಿಸಿ, ಎಕ್ಸ್‌ಪಿಯ ಸಿಡಿಯಿಂದ ಶುರುಮಾಡಿದರೆ, ಈ ಕಂಪ್ಯೂಟರಿನಲ್ಲಿ ಯಾವ ಹಾರ್ಡ್ ಡಿಸ್ಕೂ ಕಾಣಲಿಲ್ಲ ಎಂಬ ಸಂದೇಶ ಬಂದು ನಿಂತಿತು. ಇದು ನಿರೀಕ್ಷಿಸಿದ್ದೇ. ಈ ಕಾರ್ಡಿನ ಡ್ರೈವರ್, ಅಂದರೆ ಕಾರ್ಡಿನೊಡನೆ ಮಾತಾಡಲು ವಿಂಡೋಸಿಗೆ ಬೇಕಾದ ತಂತ್ರಾಂಶ, ಎಕ್ಸ್‌ಪಿ ಸಿಡಿಯಲ್ಲಿಲ್ಲ. ಅದನ್ನು ನಾವೇ ಕೊಡಬೇಕು, ಕೊಡಲು ಎಕ್ಸ್‌ಪಿ ಒಪ್ಪುವುದು ಫ್ಲಾಪಿಯೊಂದನ್ನೇ. ನೀಲಿ ಪರದೆ ಬಂದ ಕೂಡಲೇ ಕೆಳಗಿನ ಸಾಲಿನಲ್ಲಿ ಎಫ್6 ಒತ್ತಲು ಹೇಳುತ್ತದೆ. ಆ ಸಾಲು ಕೆಲವೇ ಕ್ಷಣ ಇರುತ್ತದೆ, ಮೊದಲ ಸಲ ನಾನು ಸಿಡಿಯ ಸದ್ದಿಗೆ ಕಿವಿಗೊಟ್ಟು ಅದನ್ನು ತಪ್ಪಿಸಿಕೊಂಡೆ.

ಫ್ಲಾಪಿ ಡ್ರೈವ್ ಯಂತ್ರದಲ್ಲಿಯೇ ಇತ್ತು. ಯುಎಸ್‌ಬಿ ಫ್ಲಾಪಿ ಡ್ರೈವನ್ನು ನೆಚ್ಚಿಕೊಳ್ಳುವವರು ಒಂದು ಮಾತು ನೆನಪಿಡಬೇಕು: ಎಕ್ಸ್‌ಪಿಯ ಸೆಟಪ್ಪಿಗೆ ಗುರುತಿರುವ ಕೆಲವೇ ಮಾದರಿಗಳನ್ನು ಬಿಟ್ಟರೆ, ಉಳಿದವು ಮೊದಲು ಓದಿದಂತೆ ಮಾಡಿ, ಮುಂದೆ ಫೈಲುಗಳನ್ನು ನಕಲಿಸುವ ಹಂತದಲ್ಲಿ ‘ಎ’ ಡ್ರೈವಿಗೆ ಫ್ಲಾಪಿ ಹಾಕಿ ಎಂದು ಕೇಳುತ್ತಲೇ ಇರುತ್ತವೆ. ನನ್ನ ತೊಂದರೆ ಅದಾಗಿರಲಿಲ್ಲ. ಕಪಾಟಿನಲ್ಲಿದ್ದ ಒಂಬತ್ತು ಫ್ಲಾಪಿಗಳ ಲೋಹದ ಬಾಗಿಲು ಸರಿಸಿ ನೋಡಿದರೆ ಆರರಲ್ಲಿ ಬೂಷ್ಟು, ಬಿಳಿಯ ಪೊರೆಯ ಹಾಗೆ. ಅಂಥದ್ದನ್ನು ಡ್ರೈವಿಗೆ ಹಾಕಿದರೆ ಡ್ರೈವಿನ ಓದುವ ತಲೆಯೇ ಹಾಳಾಗುತ್ತದೆ. ಉಳಿದ ಮೂರನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದಾಗ ಒಂದು ಮಾತ್ರ ಕೆಟ್ಟ ಸೆಕ್ಟರಿಲ್ಲದೆ ಹೊರಬಂತು.

ಆ ಒಂದೇ ಫ್ಲಾಪಿಗೆ ಡ್ರೈವರ್ ಹಾಕಿ, ಎಫ್6 ಒತ್ತಿ, ಎಸ್ ಒತ್ತಿದರೆ ‘ಟೆಕ್ಸ್ಟ್‌ಸೆಟಪ್ ಡಾಟ್ ಒಇಎಂ’ ಎಂಬ ಫೈಲು ಸಿಗಲಿಲ್ಲ ಎಂದಿತು. ಸೆಟಪ್ ಹುಡುಕುವುದು ಫ್ಲಾಪಿಯ ಮೊದಲ ಮಟ್ಟದಲ್ಲಿ. ನಾನು ಫೋಲ್ಡರನ್ನು ಫೋಲ್ಡರಾಗಿಯೇ ಹಾಕಿದ್ದೆ. ಒಳಗಿನ ಫೈಲುಗಳನ್ನು ಹೊರತೆಗೆದು ನೇರವಾಗಿ ಫ್ಲಾಪಿಯ ಮೇಲೆ ಹಾಕಿದ ಮೇಲೆ ಕಾರ್ಡಿನ ಹೆಸರು ಪಟ್ಟಿಯಲ್ಲಿ ಬಂತು, ಆರಿಸಿದೆ, ಡ್ರೈವರ್ ಏರಿತು.

ಆದರೂ ಯಾವ ಹಾರ್ಡ್ ಡಿಸ್ಕೂ ಕಾಣಲಿಲ್ಲ ಎಂಬ ಅದೇ ಸಂದೇಶ. ಇಲ್ಲಿಂದ ಮುಂದೆ ಅರ್ಧ ದಿನ ಡ್ರೈವರನ್ನೇ ಅನುಮಾನಿಸಿದೆ. ಬೇರೆ ಎರಡು ಆವೃತ್ತಿಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ಅದೇ ಫ್ಲಾಪಿಯನ್ನು ಅಳಿಸಿ ಅಳಿಸಿ ತುಂಬಿದೆ. ಉತ್ತರ ಬೆಳಿಗ್ಗೆಯಿಂದಲೂ ಕಣ್ಣೆದುರಿಗೇ ಇತ್ತು. ಕಂಪ್ಯೂಟರ್ ತೆರೆಯುವಾಗ ಕಾರ್ಡಿನ ಬಯಾಸ್ ತನಗೆ ಜೋಡಿಸಿದ ಸಾಧನಗಳನ್ನು ಹುಡುಕಿ ಪಟ್ಟಿ ಹಾಕುತ್ತದೆ. ಆ ಪಟ್ಟಿ ಪ್ರತಿ ಸಲವೂ ಖಾಲಿಯಾಗಿಯೇ ಬರುತ್ತಿತ್ತು. ವಿಂಡೋಸ್ ಇನ್ನೂ ಶುರುವಾಗುವ ಮುನ್ನವೇ ಡಿಸ್ಕ್ ಕಾಣುತ್ತಿಲ್ಲ ಎಂದಮೇಲೆ ಡ್ರೈವರಿನ ಮಾತೇ ಬರುವುದಿಲ್ಲ. ಈ ಚಿಪ್ಪು ಸೆಕೆಂಡಿಗೆ 1.5 ಗಿಗಾಬಿಟ್ಟಿನ ಮೊದಲ ಸಾಟಾ ಕಾಲದ್ದು. ಅದಕ್ಕಿಂತ ವೇಗದ ಡಿಸ್ಕಿನೊಡನೆ ವೇಗವನ್ನು ಇಳಿಸಿಕೊಂಡು ಹೊಂದಿಕೊಳ್ಳುವುದು ಇದಕ್ಕೆ ಬರುವುದಿಲ್ಲ ಎಂಬುದು ಬಹಳ ಹಿಂದಿನಿಂದ ದಾಖಲಾಗಿರುವ ಸಂಗತಿ. ಕೊಳ್ಳುವ ಮೊದಲು ನಾನು ಓದಿಕೊಳ್ಳಲಿಲ್ಲ. ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ವೇಗವನ್ನು 1.5ಕ್ಕೆ ಕಟ್ಟಿಹಾಕಲು ಜಂಪರ್ (ಎರಡು ಪಿನ್ನುಗಳನ್ನು ಕೂಡಿಸುವ ಸಣ್ಣ ಟೊಪ್ಪಿ) ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಜಂಪರಿಗೆ ಜಾಗವೇ ಇಲ್ಲ.

ಜುಲೈ 10: ಜಂಪರ್ ಇರುವ ಡಿಸ್ಕು

ಊರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವವರ ಬಳಿ, ಬಿಚ್ಚಿಟ್ಟ ರೆಕಾರ್ಡರ್ ಪೆಟ್ಟಿಗೆಯ 160 ಜಿಬಿಯ ಸಾಟಾ ಡಿಸ್ಕ್ 500 ರೂಪಾಯಿಗೆ ಸಿಕ್ಕಿತು. ಕೊಳ್ಳುವ ಮೊದಲು ಅವರ ಮೇಜಿನ ಮೇಲೆಯೇ ಸ್ಮಾರ್ಟ್ ಅಂಕಿಗಳನ್ನು (ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿದೆ: ಬದಲಿಸಿದ ಸೆಕ್ಟರ್ ಸೊನ್ನೆ, ಬಾಕಿ ಸೆಕ್ಟರ್ ಸೊನ್ನೆ. ಜಂಪರನ್ನು ಯಾವ ಎರಡು ಪಿನ್ನುಗಳಿಗೆ ಹಾಕಬೇಕೆಂದು ಡಿಸ್ಕಿನ ಮೇಲಿನ ಚೀಟಿಯಲ್ಲಿಯೇ ಅಚ್ಚಾಗಿತ್ತು. ಜಂಪರ್ ಹಾಕಿ ಜೋಡಿಸಿದೊಡನೆ ಕಾರ್ಡಿನ ಬಯಾಸ್ ಡಿಸ್ಕಿನ ಹೆಸರು ಹೇಳಿತು. ಎಫ್6ರ ದಾರಿಯಲ್ಲಿ ಎಕ್ಸ್‌ಪಿ ಸೆಟಪ್ಪು 152627 ಎಂಬಿಯ ಖಾಲಿ ಜಾಗ ಎಂದು ತೋರಿಸಿತು. ಡ್ರೈವರ್ ನಿನ್ನೆಯಿಂದಲೂ ಸರಿಯಾಗಿಯೇ ಇತ್ತು.

ಆ ಖುಷಿಯಲ್ಲಿ ಎಕ್ಸ್‌ಪಿ ಹಾಕಲು ಎಂಟರ್ ಒತ್ತುವ ಮೊದಲು, ಅಕ್ಷರಗಳ ತಂತ್ರಾಂಶದ ಮೂಲ ಸಿಡಿಯನ್ನು ಒಮ್ಮೆ ಓದಿಸಿ ನೋಡೋಣ ಎಂದು ಬೇರೆ ಕಂಪ್ಯೂಟರಿಗೆ ಹಾಕಿದೆ. ಓದಲಿಲ್ಲ. ಸಿಡಿಯ ಲೇಪ ಅಂಚಿನಿಂದ ಎದ್ದುಬಂದಿತ್ತು. ಅಂದರೆ ಹೊಸ ಎಕ್ಸ್‌ಪಿ ಹಾಕಿದ್ದರೂ ಅದರೊಳಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಎರಡು ದಿನದ ಎಫ್6 ಸಾಹಸವೆಲ್ಲ, ಎರಡು ನಿಮಿಷದ ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ, ಬೇಕಾಗುತ್ತಿರಲಿಲ್ಲ. ಚಿಕ್ಕಪ್ಪ ಅಂಗಳದ ಕಡೆಯಿಂದ ಬಂದು ಕೇಳಿದರು: “ಎಂತ ಬೇಕಾರೂ ಮಾಡು ಮಾರಾಯ, ರಸೀತಿ ಪುಸ್ತಕದ ಅಕ್ಷರ ಮಾತ್ರ ಅದೇ ಬರಬೇಕು. ಆಗ್ತದಾ?” ಹಳೆಯ ಎಕ್ಸ್‌ಪಿಯನ್ನೇ ಸಾಗಿಸುತ್ತೇನೆ ಎಂದೆ.

ಜುಲೈ 11 ಮತ್ತು 12: ಮೊದಲ ನಕಲು, ನೀಲಿ ಪರದೆ

ನಕಲು ತೆಗೆಯಲು ಸಿಡಿಯಿಂದ ಓಡುವ 32 ಬಿಟ್ಟಿನ ಲಿನಕ್ಸ್ ಮತ್ತು ಅದರಲ್ಲಿರುವ ಡಿಡಿರೆಸ್ಕ್ಯೂ ಎಂಬ, ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ತಂತ್ರಾಂಶ ಬಳಸಿದೆ. ಲಿನಕ್ಸಿಗೆ ಈ ಕಾರ್ಡಿನ ಡ್ರೈವರ್ ಮೊದಲೇ ಗೊತ್ತಿರುವುದರಿಂದ ಎರಡೂ ಡಿಸ್ಕುಗಳು ತಾವಾಗಿಯೇ ಕಂಡವು. ಯಾವುದು ಮೂಲ, ಯಾವುದು ಹೊಸದು ಎಂಬುದನ್ನು ಹೆಸರಿನಿಂದ ಊಹಿಸದೆ ಗಾತ್ರದಿಂದ ಗುರುತಿಸಿ, ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಆದೇಶ ಬೆರಳಚ್ಚಿಸಿದೆ. ಇಲ್ಲಿ ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರೆದುಹೋಗುತ್ತದೆ. ಮೊದಲ ಸುತ್ತಿನಲ್ಲಿ ‘-ಎನ್’ ಆಯ್ಕೆಯೊಡನೆ ಸುಲಭವಾಗಿ ಬರುವುದನ್ನೆಲ್ಲ ತೆಗೆದು, ಎರಡನೆಯ ಸುತ್ತಿನಲ್ಲಿ ‘-ಡಿ -ಆರ್3’ ಕೊಟ್ಟು ಹಟ ಹಿಡಿದ ಸೆಕ್ಟರುಗಳನ್ನು ಮೂರು ಸಲ ಪ್ರಯತ್ನಿಸುವುದು ಕ್ರಮ. ಎಲ್ಲಿಯವರೆಗೆ ಆಯಿತು ಎಂಬ ನಕ್ಷೆಯ ಫೈಲನ್ನು ಪೆನ್‌ಡ್ರೈವಿನಲ್ಲಿ ಇರಿಸಿದ್ದೆ.

ಆ ನಕ್ಷೆಯೇ ಕಾಪಾಡಿತು. ಮೊದಲ ಸುತ್ತು ಮುಕ್ಕಾಲು ಭಾಗ ಮುಗಿದಿದ್ದಾಗ, ಮರ ಬಿದ್ದು ಲೈನು ಹರಿದು ಕರೆಂಟ್ ಹೋಯಿತು. ಯುಪಿಎಸ್ಸು ಹನ್ನೆರಡು ನಿಮಿಷ ತಡೆಯಿತು. ಓಟವನ್ನು ನಿಲ್ಲಿಸಿ, ಪೆನ್‌ಡ್ರೈವನ್ನು ಸರಿಯಾಗಿ ಬಿಡಿಸಿ, ಎಲ್ಲವನ್ನೂ ಆರಿಸಿದೆ. ಕರೆಂಟ್ ಬಂದದ್ದು ಮಾರನೆಯ ದಿನ ಮಧ್ಯಾಹ್ನ. ಅದೇ ಆದೇಶವನ್ನು ಅದೇ ನಕ್ಷೆಯೊಡನೆ ಕೊಟ್ಟಾಗ ನಿಂತಲ್ಲಿಂದಲೇ ಮುಂದುವರಿಯಿತು. ಕೊನೆಯಲ್ಲಿ ಓದಲಾಗದೆ ಉಳಿದದ್ದು 118 ಕೆಬಿ.

ಸಂಜೆ ಹಳೆಯ ಡಿಸ್ಕನ್ನು ಬಿಚ್ಚಿ, ಬಯಾಸಿನ ಬೂಟ್ ಕ್ರಮದಲ್ಲಿ ‘ಸ್ಕಸಿ’ ಎಂಬುದನ್ನು ಮೊದಲಿಗೆ ತಂದು (ಆ ಕಾಲದ ಬಯಾಸು ಹೊರಗಿನ ಕಾರ್ಡನ್ನು ಈ ಹೆಸರಿನಲ್ಲಿ ತೋರಿಸುತ್ತದೆ) ಹೊಸ ಡಿಸ್ಕಿನಿಂದ ತೆರೆದೆ. ವಿಂಡೋಸಿನ ಲಾಂಛನ ಬಂತು, ಪಟ್ಟಿ ಎರಡು ಸಲ ಓಡಿತು, ನೀಲಿ ಪರದೆ ಬಿತ್ತು. ಸಂಖ್ಯೆ 0ಎಕ್ಸ್0000007ಬಿ: ತಾನು ಯಾವ ಡಿಸ್ಕಿನಿಂದ ಏಳಬೇಕೋ ಆ ಡಿಸ್ಕೇ ತನಗೆ ಸಿಗುತ್ತಿಲ್ಲ ಎಂದು ವಿಂಡೋಸ್ ಹೇಳುವ ರೀತಿ ಇದು.

ಮೂರನೆಯ ತಪ್ಪು ಇದು, ಎಲ್ಲಕ್ಕಿಂತ ದೊಡ್ಡದೂ ಇದೇ. ಎಕ್ಸ್‌ಪಿ ಏಳುವಾಗ ಮೊದಲ ಕೆಲವು ಹೆಜ್ಜೆಗಳನ್ನು ಬಯಾಸಿನ ಕೈ ಹಿಡಿದು ಇಡುತ್ತದೆ, ಆಮೇಲೆ ಕೈ ಬಿಟ್ಟು ತನ್ನದೇ ಡ್ರೈವರಿನಿಂದ ಡಿಸ್ಕನ್ನು ಹುಡುಕುತ್ತದೆ. ನಾನು ನಕಲಿಸಿದ ಎಕ್ಸ್‌ಪಿ ಆ ತನಕ ಈ ಕಾರ್ಡನ್ನು ಕಂಡೇ ಇರಲಿಲ್ಲ. ಎಫ್6ರಲ್ಲಿ ಡ್ರೈವರ್ ಕೊಟ್ಟದ್ದು ಸಿಡಿಯ ಸೆಟಪ್ಪಿಗೆ, ಈ ಎಕ್ಸ್‌ಪಿಗಲ್ಲ. ಡಿಸ್ಕನ್ನು ಸಾಗಿಸುವ ಮೊದಲು, ಹಳೆಯ ಡಿಸ್ಕಿನಲ್ಲಿ ಎಕ್ಸ್‌ಪಿ ಎದ್ದು ಓಡುತ್ತಿರುವಾಗಲೇ ಅದಕ್ಕೆ ಹೊಸ ಕಂಟ್ರೋಲರಿನ ಡ್ರೈವರನ್ನು ಕೊಟ್ಟಿರಬೇಕಿತ್ತು. ಡ್ರೈವರ್ ಮೊದಲು, ನಕಲು ಆಮೇಲೆ. ಹೀಗೆ ಮಾಡಿದರೆ ಫ್ಲಾಪಿಯೂ ಬೇಡ, ಎಫ್6ರೂ ಬೇಡ.

ಜುಲೈ 13: ಎದ್ದಿರುವ ಎಕ್ಸ್‌ಪಿಗೆ ಡ್ರೈವರ್ ಕೊಟ್ಟದ್ದು

ಹಳೆಯ ಡಿಸ್ಕನ್ನು ಸೆಕೆಂಡರಿ ಕನೆಕ್ಟರಿಗೆ ಮರಳಿ ಹಾಕಿದೆ. ಕಾರ್ಡು ಸ್ಲಾಟಿನಲ್ಲಿಯೇ ಇರಲಿ, ಆದರೆ ಹೊಸ ಡಿಸ್ಕಿನ ಕೇಬಲ್ ಮಾತ್ರ ಕಿತ್ತಿಟ್ಟೆ. ಇದು ಮುಖ್ಯ. ಈಗ ಎರಡೂ ಡಿಸ್ಕುಗಳ ಗುರುತಿನ ಸಂಖ್ಯೆ ಒಂದೇ ಆಗಿರುವುದರಿಂದ, ಎರಡೂ ಜೋಡಿಸಿರುವಾಗ ಎಕ್ಸ್‌ಪಿ ಎದ್ದರೆ ಅದು ಒಂದರ ಸಂಖ್ಯೆಯನ್ನು ಬದಲಿಸಿ, ‘ಸಿ’ ಎಂಬ ಅಕ್ಷರವನ್ನು ಯಾವುದಕ್ಕೆ ಕೊಡಬೇಕೆಂಬುದನ್ನು ಗೊಂದಲ ಮಾಡಿಕೊಳ್ಳುತ್ತದೆ. ಹಿಂದೊಮ್ಮೆ ಬೇರೊಂದು ಯಂತ್ರದಲ್ಲಿ ಇದನ್ನು ಅನುಭವಿಸಿದ್ದೆ: ನಕಲಿನಿಂದ ಎದ್ದಂತೆ ಕಂಡ ವಿಂಡೋಸು ಒಳಗೊಳಗೆ ಹಳೆಯ ಡಿಸ್ಕನ್ನೇ ಬಳಸುತ್ತಿತ್ತು. ಹಳೆಯದನ್ನು ಬಿಚ್ಚಿದ ದಿನ ಲಾಗಿನ್ ಪರದೆಯಾಚೆ ಹೋಗಲಿಲ್ಲ.

ಎಕ್ಸ್‌ಪಿ ಎದ್ದು ಹೊಸ ಹಾರ್ಡ್‌ವೇರ್ ಸಿಕ್ಕಿದೆ ಎಂದಿತು. ಡಿವೈಸ್ ಮ್ಯಾನೇಜರಿನಲ್ಲಿ ‘ರೈಡ್ ಕಂಟ್ರೋಲರ್’ ಎಂದು ಹಳದಿ ಪ್ರಶ್ನೆಯ ಗುರುತಿನೊಡನೆ ಬಂತು. ನಾವು ರೈಡ್ (ಹಲವು ಡಿಸ್ಕುಗಳನ್ನು ಒಂದಾಗಿ ದುಡಿಸುವ ಏರ್ಪಾಡು) ಬಳಸದಿದ್ದರೂ ಈ ಚಿಪ್ಪು ತನ್ನನ್ನು ಹಾಗೆಯೇ ಹೇಳಿಕೊಳ್ಳುತ್ತದೆ, ಗಾಬರಿ ಬೇಡ. ವಿವರಗಳಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ ವೆಂಡರ್ 1106, ಡಿವೈಸ್ 3249. ಪೆನ್‌ಡ್ರೈವಿನಲ್ಲಿದ್ದ ಡ್ರೈವರಿನ ಐಎನ್‌ಎಫ್ ಫೈಲನ್ನು (ಅದು ಯಾವ ಸಾಧನಗಳಿಗೆ ಎಂಬ ವಿವರವಿರುವುದು) ನೋಟ್‌ಪ್ಯಾಡಿನಲ್ಲಿ ತೆರೆದು ಅದೇ ಜೋಡಿ ಸಂಖ್ಯೆ ಅಲ್ಲಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದುವರಿದೆ. ಕಾರ್ಡಿನ ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ, ನಂಬಬೇಕಾದ್ದು ಈ ಎರಡು ಸಂಖ್ಯೆಗಳನ್ನು. ಡ್ರೈವರನ್ನು ತಾನಾಗಿ ಹುಡುಕಲು ಬಿಡದೆ, ಫೋಲ್ಡರನ್ನು ನಾನೇ ತೋರಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ನಕಲಿಗೆ ಹೋಗುವ ಮುನ್ನ ವಿಂಡೋಸಿನ ಸೆಟ್ಟಿಂಗುಗಳ ಕಣಜವಾದ ರಿಜಿಸ್ಟ್ರಿಯಲ್ಲಿ ಎರಡು ಕಡೆ ಕಣ್ಣಾಡಿಸಿದೆ, ಮತ್ತೊಮ್ಮೆ 7ಬಿ ನೋಡುವ ಮನಸ್ಸಿರಲಿಲ್ಲ. ‘ಸರ್ವಿಸಸ್’ ಕೆಳಗೆ ‘ವಯಾಮ್‌ರೈಡ್’ ಎಂಬ ಹೆಸರಿನಲ್ಲಿ ‘ಸ್ಟಾರ್ಟ್’ ಮೌಲ್ಯ 0 ಇತ್ತು, ಅಂದರೆ ವಿಂಡೋಸ್ ಏಳುವ ಆರಂಭದಲ್ಲಿಯೇ ಈ ಡ್ರೈವರನ್ನು ಎತ್ತಿಕೊಳ್ಳುತ್ತದೆ. ‘ಕ್ರಿಟಿಕಲ್ ಡಿವೈಸ್ ಡೇಟಾಬೇಸ್’ ಕೆಳಗೆ 1106 ಮತ್ತು 3249 ಸೇರಿದ ನಮೂದು ಇತ್ತು, ಅದರ ‘ಸರ್ವಿಸ್’ ಮೌಲ್ಯವೂ ಅದೇ ಹೆಸರು. ಈ ಕಂಟ್ರೋಲರ್ ಕಂಡರೆ ಈ ಡ್ರೈವರನ್ನು ಕರೆ ಎಂಬ ಸಂಬಂಧವನ್ನು ಇಡುವುದು ಈ ಎರಡನೆಯ ನಮೂದು. ಡ್ರೈವರಿನ ಸಿಸ್ ಫೈಲನ್ನು ಮಾತ್ರ ಕೈಯಿಂದ ನಕಲಿಸಿ, ಸ್ಟಾರ್ಟ್ 0 ಮಾಡಿ, ಇದನ್ನು ಬಿಟ್ಟರೆ ಮತ್ತೆ ನೀಲಿ ಪರದೆಯೇ. ಹೀಗೆ ಡಿವೈಸ್ ಮ್ಯಾನೇಜರಿನ ಮೂಲಕ ಹಾಕಿದರೆ ಎರಡೂ ತಾವಾಗಿ ಬರುತ್ತವೆ.

ಆದರೆ ಡ್ರೈವರ್ ಬಂದದ್ದು ಹಳೆಯ ಡಿಸ್ಕಿಗೆ. ಹೊಸ ಡಿಸ್ಕಿನಲ್ಲಿರುವ ನಕಲು ಅದಕ್ಕಿಂತ ಹಿಂದಿನದು. ಇಡೀ ಡಿಸ್ಕನ್ನು ಮತ್ತೊಮ್ಮೆ ಓದಿಸದೆ ಬೇರೆ ದಾರಿ ತೋಚಲಿಲ್ಲ. ನನ್ನ ಮೂರನೆಯ ತಪ್ಪಿನ ನಿಜವಾದ ಬೆಲೆ ಇದು: ಕೊನೆಯುಸಿರು ಎಳೆಯುತ್ತಿದ್ದ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಎರಡು ಸಲ ದುಡಿಸಿದೆ. ರಾತ್ರಿ ಹೊಸ ನಕ್ಷೆಯೊಡನೆ ಶುರುವಾದ ಎರಡನೆಯ ನಕಲು ಮುಗಿದಾಗ ಓದಲಾಗದ್ದು 118 ಕೆಬಿಯಿಂದ 212 ಕೆಬಿಗೆ ಏರಿತ್ತು.

ಇಲ್ಲಿ ಒಂದು ಸಮಾಧಾನ ಮಾತ್ರ ಸಿಕ್ಕಿತು. ಡಿಡಿರೆಸ್ಕ್ಯೂ ತನಗೆ ಓದಲಾಗದ ಜಾಗದಲ್ಲಿ ಏನನ್ನೂ ಬರೆಯುವುದಿಲ್ಲ, ಗುರಿಯ ಡಿಸ್ಕಿನಲ್ಲಿ ಮೊದಲಿದ್ದದ್ದನ್ನು ಹಾಗೆಯೇ ಬಿಡುತ್ತದೆ. ನಾನು ಹೊಸ ಡಿಸ್ಕನ್ನು ಅಳಿಸದೆ ಅದರ ಮೇಲೆಯೇ ಎರಡನೆಯ ನಕಲು ತೆಗೆದದ್ದರಿಂದ, ಎರಡನೆಯ ಸಲ ಸಿಗದ ಸೆಕ್ಟರುಗಳಲ್ಲಿ ಮೊದಲ ಸಲ ಸಿಕ್ಕ ಮಾಹಿತಿ ಉಳಿದುಕೊಂಡಿತ್ತು. ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಮೊದಲಿನ 118 ಕೆಬಿ ಪೂರ್ತಿಯಾಗಿ ಎರಡನೆಯದರ ಒಳಗೇ ಇತ್ತು. ಹಾಗಾಗಿ ಒಟ್ಟಾರೆ ಕಳೆದುಕೊಂಡದ್ದು ಹೆಚ್ಚಲಿಲ್ಲ. ಇದನ್ನು ನಾನು ಯೋಚಿಸಿ ಮಾಡಿರಲಿಲ್ಲ. ಮುಂದೆ ಮಾಡುವವರು ಯೋಚಿಸಿಯೇ ಮಾಡಬಹುದು.

ಜುಲೈ 14: ಎದ್ದದ್ದು

ಹಳೆಯ ಡಿಸ್ಕನ್ನು ಯಂತ್ರದಿಂದ ಪೂರ್ತಿ ಹೊರತೆಗೆದು, ಮೇಲೆ ‘ಮೂಲ, ಬರೆಯಬಾರದು, 14-7-2024’ ಎಂದು ಚೀಟಿ ಅಂಟಿಸಿ, ಹೊಸ ಡಿಸ್ಕಿನ ಕೇಬಲ್ ಜೋಡಿಸಿ ತೆರೆದೆ. ಪಟ್ಟಿ ಎರಡು ಸಲ ಓಡಿತು, ಮೂರನೆಯ ಸಲ ಓಡಿತು, ಡೆಸ್ಕ್‌ಟಾಪ್ ಬಂತು. ಹೊಸ ಡಿಸ್ಕ್ ಸಿಕ್ಕಿದೆ, ಮತ್ತೆ ತೆರೆಯಬೇಕು ಎಂದು ಕೇಳಿತು, ಒಪ್ಪಿದೆ. ಎರಡನೆಯ ಸಲ ತೆರೆದುಕೊಳ್ಳಲು ಹಿಡಿದದ್ದು ಒಂದು ನಿಮಿಷ ಇಪ್ಪತ್ತು ಸೆಕೆಂಡು. ಡಿಸ್ಕಿನ ಅಕ್ಷರ ‘ಸಿ’ ಎಂದೇ ಇತ್ತು. ಈಗ ಚೆಕ್‌ಡಿಸ್ಕನ್ನು ಓಡಿಸಿದೆ, ಆರೋಗ್ಯವಾಗಿರುವ ಡಿಸ್ಕಿನ ಮೇಲೆ, ಹಳೆಯದು ಕಪಾಟಿನಲ್ಲಿ ಭದ್ರವಾಗಿರುವಾಗ. ಅದು ಮೂರು ಫೈಲುಗಳನ್ನು ಸರಿಪಡಿಸಿತು. ಅವುಗಳಲ್ಲಿ ಎರಡು ಬ್ರೌಸರಿನ ಹಳೆಯ ಕಸ; ಒಂದು ಶೀರ್ಷಿಕೆಗಳಿಗೆ ಬಳಸುವ ದಪ್ಪ ಕನ್ನಡ ಫಾಂಟು. ಆ ಫಾಂಟಿನ ಪ್ರತಿ ಚಿಕ್ಕಪ್ಪ ಎಂದೋ ಬರೆಸಿಟ್ಟಿದ್ದ ಸಿಡಿಯೊಂದರಲ್ಲಿ ಸಿಕ್ಕಿತು.

ಡಾಂಗಲ್ ಸಿಕ್ಕಿಸಿ ಅಕ್ಷರಗಳ ತಂತ್ರಾಂಶ ತೆರೆದೆ, ತೆರೆದುಕೊಂಡಿತು. ಪೇಜ್‌ಮೇಕರಿನಲ್ಲಿ ಕಳೆದ ವರ್ಷದ ರಸೀತಿ ಪುಸ್ತಕದ ಫೈಲು ತೆರೆದು ಒಂದು ಪುಟ ಅಚ್ಚು ತೆಗೆದು, ಹಳೆಯ ಪುಸ್ತಕದ ಪುಟದ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆವು. ಒತ್ತಕ್ಷರಗಳು ಸಹಿತ ಕೂಡಿಬಂದವು. ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಎರಡನೆಯ ಪುಟವನ್ನೂ ತೆಗೆಯಲು ಹೇಳಿದರು.

ಉಳಿದ ಸಣ್ಣ ಕೆಲಸಗಳು: 160 ಜಿಬಿಯಲ್ಲಿ ನಕಲು ಬಳಸಿದ್ದು 40 ಮಾತ್ರವಾದ್ದರಿಂದ, ಉಳಿದ ಜಾಗದಲ್ಲಿ ‘ಡಿ’ ಎಂಬ ಭಾಗ ಮಾಡಿ, ಪ್ರತಿ ಶನಿವಾರ ಪೇಜ್‌ಮೇಕರ್ ಫೈಲುಗಳು ಅಲ್ಲಿಗೂ ಒಂದು ಪೆನ್‌ಡ್ರೈವಿಗೂ ಹೋಗುವಂತೆ ಒಂದು ಬ್ಯಾಚ್ ಫೈಲು ಬರೆದಿಟ್ಟೆ. ಮೂಲ ಎಕ್ಸ್‌ಪಿಗೆ 137 ಜಿಬಿಯ ಮಿತಿ ಇದೆ. ಸರ್ವಿಸ್ ಪ್ಯಾಕ್ 1ರ ನಂತರದ್ದಾದ್ದರಿಂದ ಇಲ್ಲಿ ತೊಂದರೆ ಬರಲಿಲ್ಲ, ಸರ್ವಿಸ್ ಪ್ಯಾಕ್ ಇಲ್ಲದವರು ದೊಡ್ಡ ಡಿಸ್ಕ್ ಜೋಡಿಸಬಾರದು. ಕಿಲುಬು ಹಿಡಿದ ಪಿನ್ನುಗಳನ್ನು ಆಲ್ಕೋಹಾಲಿನಿಂದ ಒರೆಸಿ ಸಿಡಿ ಡ್ರೈವನ್ನು ಅಲ್ಲಿಗೆ ಬದಲಿಸಿದೆ. ಅದು ಕೈಕೊಟ್ಟರೂ ನಷ್ಟವಿಲ್ಲ. ಮದರ್‌ಬೋರ್ಡಿನ ಸೆಲ್ ಬದಲಾಯಿಸಿದೆ. ಕಂಪ್ಯೂಟರನ್ನು ಗೋಡೆಯಿಂದ ಒಂದು ಅಡಿ ಈಚೆಗೆ ಎಳೆದು, ಆ ಮೂಲೆಯಲ್ಲಿ 15 ವ್ಯಾಟಿನ ಬಲ್ಬೊಂದನ್ನು ಮಳೆಗಾಲ ಮುಗಿಯುವವರೆಗೆ ಉರಿಸಿಡುವ ಏರ್ಪಾಡು ಮಾಡಿದೆ. ಡ್ರೈವರಿನ ಫೋಲ್ಡರು, ಐಎನ್‌ಎಫ್ ಸಮೇತ, ‘ಡಿ’ಯಲ್ಲಿಯೂ ಒಂದು ಸಿಡಿಯಲ್ಲಿಯೂ ಇದೆ, ಆ ಸಿಡಿಯನ್ನು ಅಕ್ಕಿ ಡಬ್ಬಿಯಂತೆ ಮುಚ್ಚಳ ಬಿಗಿಯುವ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇರಿಸಿದ್ದೇವೆ.

ಖರ್ಚಿನ ಲೆಕ್ಕ: ಯಂತ್ರಕ್ಕೆ ನಿಜವಾಗಿ ಸೇರಿದ್ದು, ಡಿಸ್ಕಿನ 500 ಸೇರಿ, 1450 ರೂಪಾಯಿ. ಎಸ್‌ಎಸ್‌ಡಿಗೆ ಕೊಟ್ಟ 1250 ಇದರಲ್ಲಿಲ್ಲ, ಅದು ಅಕ್ಕನ ಮಗಳ ಲ್ಯಾಪ್‌ಟಾಪಿಗೆ ಹೋಯಿತು. ಎರಡನೆಯ ಕಾರ್ಡು ಇನ್ನೂ ಇದೆಯೇ ಎಂದು ಶಿವಮೊಗ್ಗದ ಅಂಗಡಿಗೆ ಫೋನ್ ಮಾಡಿ ಕೇಳಿದೆ. ಇದೆ ಎಂದರು, ಎತ್ತಿಡಲು ಹೇಳಿದ್ದೇನೆ. ಮೂರು ಗಣಪತಿ ಸಮಿತಿಗಳ ರಸೀತಿ ಪುಸ್ತಕಗಳು ಜುಲೈ 16ರಂದು ಅಚ್ಚಿನ ಪ್ಲೇಟಿಗೆ ಹೋದವು.